ಗಂಟು ಕಟ್ಟುವ ಪ್ರೋಟೀನು, ಕೈಯಾಡಿಸುವ ಸಣ್ಣ ಅಣುಗಳು

ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ನಡುಮೆದುಳನ್ನು ಅಡ್ಡಲಾಗಿ ಕೊಯ್ದರೆ, ಕಪ್ಪಗೆ ಎದ್ದು ಕಾಣಬೇಕಾದ ಒಂದು ಪಟ್ಟೆ ಮಾಸಿಹೋಗಿರುತ್ತದೆ. ಡೋಪಮೈನ್ ತಯಾರಿಸುವ ನರಕೋಶಗಳ ನೆಲೆ ಅದು. ಅಲ್ಲಿ ಅಳಿದುಳಿದ ಕೋಶಗಳೊಳಗೆ ದುಂಡನೆಯ ಗಂಟುಗಳಿರುತ್ತವೆ. ಇಂಥ ಗಂಟುಗಳನ್ನು 1912ರಲ್ಲಿ ಮೊದಲು ವರ್ಣಿಸಿದವನು ಜರ್ಮನಿಯ ಫ್ರೆಡರಿಕ್ ಲೆವಿ. ಅವುಗಳಲ್ಲಿ ತುಂಬಿರುವುದು ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ಎಂದು ತಿಳಿದದ್ದು 1997ರಲ್ಲಿ.

ಅಲ್ಜೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್-ಬೀಟಾ ಮತ್ತು ಟಾವ್, ಹಂಟಿಂಗ್ಟನ್ ಕಾಯಿಲೆಯಲ್ಲಿ ಹಂಟಿಂಗ್ಟಿನ್ ಇದೇ ರೀತಿ ಗಂಟು ಕಟ್ಟುತ್ತವೆ. ತಪ್ಪೆಲ್ಲ ಪ್ರೋಟೀನಿನದೇ ಎಂಬಂತೆ ಬಹುಕಾಲ ವಿಜ್ಞಾನಿಗಳ ಕಣ್ಣು ಅದರ ಮೇಲೇ ನೆಟ್ಟಿತ್ತು. ಆದರೆ ರಾಗಿ ಅಂಬಲಿ ಕಾಯಿಸುವವರಿಗೆ ಗೊತ್ತು: ತಣ್ಣೀರಿನಲ್ಲಿ ಕದಡಿಕೊಂಡ ಹಿಟ್ಟು ಗಂಟಾಗದು, ಅದೇ ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಗಂಟಾಗುತ್ತದೆ. ಪ್ರೋಟೀನಿನ ಮಟ್ಟಿಗೂ ಅದು ಮುಳುಗಿರುವ ದ್ರವದಲ್ಲಿ ಏನಿದೆ ಎಂಬುದು ಮುಖ್ಯ. ತಿಂದ ಅನ್ನ ಒಡೆದು, ಮತ್ತೆ ಕೂಡಿ, ಶಕ್ತಿಯಾಗುವ ಹಾದಿಯಲ್ಲಿ ಹುಟ್ಟುವ ಸಾವಿರಾರು ಸಣ್ಣ ಅಣುಗಳು ಆ ದ್ರವದಲ್ಲಿರುತ್ತವೆ. ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನ ತುಣುಕು ಎಲ್ಲ ಸೇರಿ ಇವುಗಳ ಹೆಸರು ಮೆಟಬೊಲೈಟ್.

ಡೋಪಮೈನ್ ಕೂಡ ಒಂದು ಮೆಟಬೊಲೈಟೇ. ನರಕೋಶ ಅದನ್ನು ಪುಟ್ಟ ಚೀಲಗಳಲ್ಲಿ ತುಂಬಿ ಭದ್ರವಾಗಿಡುತ್ತದೆ. ಚೀಲದಿಂದ ಸೋರಿದ ಡೋಪಮೈನನ್ನು ಮಾನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಡೋಪಾಲ್ ಆಗಿ ಮಾರ್ಪಡಿಸುತ್ತದೆ. ಡೋಪಾಲ್ ಆಲ್ಡಿಹೈಡ್ ಜಾತಿಯದು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಸ್ವಭಾವದ್ದು. ಅದಕ್ಕೆ ವಿಶೇಷವಾಗಿ ಬೇಕಾದದ್ದು ಲೈಸಿನ್ ಎಂಬ ಅಮೈನೋ ಆಮ್ಲ. 140 ಅಮೈನೋ ಆಮ್ಲಗಳ ಆಲ್ಫಾ-ಸಿನ್ಯೂಕ್ಲೀನ್ ಸರಪಣಿಯಲ್ಲಿ ಲೈಸಿನ್ 15 ಕಡೆ ಇದೆ. ಡೋಪಾಲ್ ಅಲ್ಲಲ್ಲಿ ಹತ್ತಿಕೊಂಡು ಎರಡು ಮೂರು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಹೀಗೆ ಹುಟ್ಟುವ ಸಣ್ಣ ಗುಂಪುಗಳು ದೊಡ್ಡ ಗಂಟಿಗಿಂತಲೂ ಹೆಚ್ಚು ವಿಷಕಾರಿ ಎಂದು ಅನೇಕ ಸಂಶೋಧಕರು ಭಾವಿಸುತ್ತಾರೆ. ಆರೋಗ್ಯವಂತ ಕೋಶದಲ್ಲಿ ಆಲ್ಡಿಹೈಡ್ ಡಿಹೈಡ್ರೋಜನೇಸ್ ಎಂಬ ಇನ್ನೊಂದು ಕಿಣ್ವ ಡೋಪಾಲನ್ನು ಹುಟ್ಟಿದ ಹಾಗೇ ಸಾಧುವಾದ ಆಮ್ಲವಾಗಿಸಿಬಿಡುತ್ತದೆ. ಬೆನೊಮಿಲ್ ಎಂಬ ಶಿಲೀಂಧ್ರನಾಶಕ ತಡೆಯುವುದು ಈ ಕಿಣ್ವವನ್ನೇ. ಕೃಷಿ ರಾಸಾಯನಿಕಗಳಿಗೂ ಪಾರ್ಕಿನ್ಸನ್‌ಗೂ ಇರುವ ನಂಟಿನ ಒಂದು ಎಳೆ ಇಲ್ಲಿ ಸಿಗುತ್ತದೆ.

ಹಾಗಾದರೆ ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ (ನಸುಗುನ್ನಿ ಬೀಜದಲ್ಲಿ ಸಹಜವಾಗಿ ಇರುವುದೂ ಇದೇ ವಸ್ತು) ಬೆಂಕಿಗೆ ತುಪ್ಪ ಸುರಿದಂತೆಯೇ? ಈ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವವರಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 445 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಯನ್ನು ಬೇಗ ಶುರು ಮಾಡಿದವರಿಗೂ 40 ವಾರ ತಡವಾಗಿ ಶುರು ಮಾಡಿದವರಿಗೂ ಕೊನೆಯಲ್ಲಿ ಕಾಯಿಲೆಯ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರನಾಳದಲ್ಲಿ ಕಂಡದ್ದೆಲ್ಲ ಮನುಷ್ಯನ ಮೆದುಳಿಗೆ ಹಾಗೆಯೇ ಅನ್ವಯಿಸುವುದಿಲ್ಲ.

ಮೆಟಬೊಲೈಟ್ ತಾನೇ ಗಂಟು ಕಟ್ಟುವುದೂ ಉಂಟು. 1934ರಲ್ಲಿ ನಾರ್ವೆಯ ತಾಯಿಯೊಬ್ಬರು ಬುದ್ಧಿ ಬೆಳೆಯದ ತಮ್ಮ ಇಬ್ಬರು ಮಕ್ಕಳನ್ನು ವೈದ್ಯ ಅಸ್ಬ್ಯೋರ್ನ್ ಫೋಲಿಂಗ್ ಬಳಿಗೆ ಕರೆತಂದರು. ಮಕ್ಕಳ ಮೈಯಿಂದ ವಿಚಿತ್ರ ವಾಸನೆ ಬರುತ್ತಿತ್ತು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಅದು ಕಡು ಹಸಿರಿಗೆ ತಿರುಗಿತು. ಆಹಾರದಿಂದ ಬರುವ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲವನ್ನು ಪಳಗಿಸುವ ಕಿಣ್ವ ಆ ಮಕ್ಕಳಲ್ಲಿ ಕೆಟ್ಟಿತ್ತು. ಹೀಗೆ ಪತ್ತೆಯಾದ ಕಾಯಿಲೆಯೇ ಫೀನೈಲ್‌ಕೀಟೋನ್ಯೂರಿಯಾ. ಶೇಖರವಾದ ಫೀನೈಲ್‌ಅಲನೈನ್ ಮೆದುಳನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ 2012ರಲ್ಲಿ ಇಸ್ರೇಲಿನ ಎಹುದ್ ಗಜಿತ್ ತಂಡ ಅನಿರೀಕ್ಷಿತ ಉತ್ತರವೊಂದನ್ನು ಮುಂದಿಟ್ಟಿತು. ಈ ಒಂಟಿ ಅಮೈನೋ ಆಮ್ಲ ಹೆಚ್ಚಿನ ಸಾಂದ್ರತೆಯಲ್ಲಿ ಪ್ರೋಟೀನಿನ ನೆರವಿಲ್ಲದೆ ತಾನೇ ನಾರುನಾರಾಗಿ ಹೆಣೆದುಕೊಳ್ಳುತ್ತದೆ, ಅಮಿಲಾಯ್ಡ್ (ಪ್ರೋಟೀನುಗಳ ನಾರುಗಂಟು) ಗುರುತಿಸುವ ಬಣ್ಣಗಳನ್ನು ಹೀರಿಕೊಳ್ಳುತ್ತದೆ, ಕೋಶಗಳನ್ನು ಕೊಲ್ಲುತ್ತದೆ. ಅಮಿಲಾಯ್ಡ್ ಎಂದರೆ ಪ್ರೋಟೀನೇ ಎಂಬ ಗ್ರಹಿಕೆಯನ್ನು ಇದು ಅಲುಗಾಡಿಸಿತು. ಕಾಯಿಲೆಯಲ್ಲಿ ಈ ನಾರುಗಳ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ.

ಎಲ್ಲ ಮೆಟಬೊಲೈಟ್‌ಗಳೂ ಕೇಡಿಗಳಲ್ಲ. ಕೋಶದ ಶಕ್ತಿಯ ನಾಣ್ಯವೆಂದೇ ಹೆಸರಾದ ಎಟಿಪಿ, ಕಿಣ್ವಗಳಿಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕೋಶದಲ್ಲಿರುತ್ತದೆ. ಇಷ್ಟೊಂದು ಏಕೆ? ಸೋಪು ಜಿಡ್ಡನ್ನು ಬಿಡಿಸುವಂತೆ ಎಟಿಪಿ ಪ್ರೋಟೀನುಗಳನ್ನು ಕರಗಿದ ಸ್ಥಿತಿಯಲ್ಲೇ ಇಡುತ್ತದೆ ಎಂದು 2017ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ತೋರಿಸಿದರು.

ಈ ತಿಳಿವಳಿಕೆ ಇನ್ನೂ ಔಷಧವಾಗಿಲ್ಲ. ಉದಾಹರಣೆಗೆ, ಜಿಬಿಎ1 ಜೀನಿನ ದೋಷವಿದ್ದವರಲ್ಲಿ ಗ್ಲೂಕೋಸಿಲ್‌ಸೆರಮೈಡ್ ಎಂಬ ಕೊಬ್ಬಿನ ಅಣು ಸರಿಯಾಗಿ ಒಡೆಯುವುದಿಲ್ಲ. ಅದು ಆಲ್ಫಾ-ಸಿನ್ಯೂಕ್ಲೀನ್ ಗುಂಪುಗಳಿಗೆ ಆಸರೆಯಾಗುತ್ತದೆಂದು ಪ್ರಯೋಗಗಳು ಹೇಳಿದ್ದವು. ಪಾರ್ಕಿನ್ಸನ್ ಅಪಾಯವೂ ಇಂಥವರಲ್ಲಿ ಹೆಚ್ಚು. ಆ ಕೊಬ್ಬಿನ ತಯಾರಿಕೆಯನ್ನೇ ತಗ್ಗಿಸುವ ವೆಂಗ್ಲುಸ್ಟಾಟ್ ಮಾತ್ರೆಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಕೊಬ್ಬು ಇಳಿಯಿತು, ಕಾಯಿಲೆ ಇಳಿಯಲಿಲ್ಲ. 2021ರಲ್ಲಿ ಆ ಪ್ರಯತ್ನವನ್ನು ಕೈಬಿಡಲಾಯಿತು.