ತೋಳವೋ ನಾಯಿಯೋ: ಡಿಎನ್‌ಎ ಹೇಳುವುದೆಷ್ಟು?

ಪ್ರಾಣಿ ಯಾವುದೆಂದು ಡಿಎನ್‌ಎಯಿಂದ ಗುರುತಿಸಲು ಪ್ರಾಣಿಯೇ ಕೈಗೆ ಸಿಗಬೇಕೆಂದಿಲ್ಲ. ಹಿಕ್ಕೆ, ಕೂದಲು, ಕಚ್ಚಿದ ಗಾಯದಲ್ಲಿ ಉಳಿದ ಜೊಲ್ಲು ಸಾಕು. ಪ್ರತಿ ಜೀವಕೋಶದಲ್ಲೂ ಮೈಟೋಕಾಂಡ್ರಿಯಾದ ಡಿಎನ್‌ಎಗೆ ನೂರಾರು ಪ್ರತಿಗಳಿರುವುದರಿಂದ ಬಿಸಿಲಿಗೆ ಒಣಗಿದ ಹಿಕ್ಕೆಯಲ್ಲೂ ಕೆಲವು ಉಳಿದಿರುತ್ತವೆ. ಅದರಲ್ಲಿನ ಸಿಒಐ ಜೀನಿನ ಸುಮಾರು 650 ಅಕ್ಷರಗಳ ತುಣುಕು ಪ್ರಾಣಿಗಳಿಗೆಲ್ಲ ಜಾತಿ ಗುರುತಿಸುವ ಬಾರ್‌ಕೋಡ್ ಆಗಬಲ್ಲದೆಂದು ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ತೋರಿಸಿದರು. ಅದೇ ಹೊತ್ತಿಗೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೈಟೋಕ್ರೋಮ್ ಬಿ ಎಂಬ ಇನ್ನೊಂದು ಜೀನಿನಿಂದ ಕಾಡುಪ್ರಾಣಿಗಳ ಗುರುತು ಹಚ್ಚುವ ವಿಧಾನ ರೂಪಿಸಿದರು.

ಕೊಪ್ಪಳ ಜಿಲ್ಲೆಯಲ್ಲಿ ಈ ವಿಧಾನದ ನಿಜವಾದ ಪರೀಕ್ಷೆ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಎಕರೆಯ ತೋಳಧಾಮವಿದೆ. ಕುಷ್ಟಗಿ, ಯಲಬುರ್ಗಾದ ಕುರುಚಲು ಬಯಲುಗಳಲ್ಲೂ ತೋಳಗಳುಂಟು. ಬೀದಿನಾಯಿಗಳೂ ಹಿಂಡುಗಟ್ಟಿ ಕುರಿ ಹಿಡಿಯುತ್ತವೆ. ಆದರೂ ಕುರಿ ಸತ್ತರೆ ಮೊದಲ ಗುಮಾನಿ ತೋಳದ ಮೇಲೆ.

ಇವೆರಡನ್ನೂ ಡಿಎನ್‌ಎ ಎಷ್ಟು ಸುಲಭವಾಗಿ ಬೇರ್ಪಡಿಸುತ್ತದೆ ಎಂಬುದು ಅವುಗಳ ನಂಟಿನ ಮೇಲಿದೆ. ಪಕ್ಕದ ಗುಡ್ಡದ ತೋಳವೇ ಪಳಗಿ ಊರನಾಯಿಯಾಯಿತು ಎಂಬ ಊಹೆ ಸಹಜ. ಡಿಎನ್‌ಎ ಅದನ್ನು ಒಪ್ಪುವುದಿಲ್ಲ. ನಾಯಿಗಳು ಹುಟ್ಟುವ ಎಷ್ಟೋ ಮೊದಲೇ ಭಾರತದ ಬಯಲುಸೀಮೆಯ ತೋಳದ ವಂಶ ಬೇರೆಯಾಗಿತ್ತೆಂದು 2004ರ ಮೈಟೋಕಾಂಡ್ರಿಯಾ ಅಧ್ಯಯನ ತೋರಿಸಿತು. ಇಂದು ಬದುಕಿರುವ ಬೂದು ತೋಳಗಳಲ್ಲಿ ಇದೇ ಅತಿ ಹಳೆಯ ಕವಲು ಎಂದಿತು 2021ರ ಜೀನೋಮ್ ಅಧ್ಯಯನ. ಹೀಗಾಗಿ ಯಲಬುರ್ಗಾದ ನಾಯಿಗೆ ಸೈಬೀರಿಯಾದ ತೋಳ ಹತ್ತಿರದ ನಂಟ, ಬಂಕಾಪುರದ ತೋಳ ದೂರದ್ದು! ಯುರೋಪಿನಲ್ಲಿ ತೋಳ, ನಾಯಿಗಳ ಮೈಟೋಕಾಂಡ್ರಿಯಾ ಒಂದನ್ನೊಂದು ಹೋಲಿ ಗೊಂದಲವಾಗುವುದುಂಟು. ಇಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಹಾಗೆಂದು ಬಾರ್‌ಕೋಡ್ ವರದಿಯನ್ನು ದೇವರ ವಾಕ್ಯದಂತೆ ನಂಬುವುದೂ ಒಂದು ಬಗೆಯ ಮೂಢನಂಬಿಕೆಯೇ. ಮೈಟೋಕಾಂಡ್ರಿಯಾ ಬರುವುದು ತಾಯಿಯ ಕಡೆಯಿಂದ. ಹೆಣ್ಣು ತೋಳಕ್ಕೆ ಗಂಡು ನಾಯಿಯಿಂದ ಹುಟ್ಟಿದ ಮರಿಯನ್ನು ಬಾರ್‌ಕೋಡ್ ಅಪ್ಪಟ ತೋಳವೆಂದೇ ಹೇಳುತ್ತದೆ. ತಂದೆಯ ಪಾಲು ತಿಳಿಯಬೇಕಾದರೆ ಕೋಶಕೇಂದ್ರದ ಡಿಎನ್‌ಎ ಓದಬೇಕು. ಪುಣೆಯ ಸಮೀಪ ತೋಳ, ನಾಯಿಗಳ ಬೆರಕೆ ನಡೆದಿರುವುದು ಖಚಿತವಾದದ್ದು ಹೀಗೆ ಜೀನೋಮ್ ಓದಿದ ಮೇಲೆ, 2023ರ ಅಧ್ಯಯನದಲ್ಲಿ.

ಜೊಲ್ಲಿನ ಮಾದರಿಯಲ್ಲೂ ಇಂಥದೇ ತೊಡಕಿದೆ. ತೋಳ ಕೊಂದು ಬಿಟ್ಟುಹೋದ ಕುರಿಗೆ ಆಮೇಲೆ ನಾಯಿ ಬಾಯಿ ಹಾಕಿದರೆ ಹೊಟ್ಟೆಯ ಭಾಗದಲ್ಲಿ ಸಿಗುವುದು ನಾಯಿಯ ಡಿಎನ್‌ಎ. ಅದಕ್ಕೇ ಚರ್ಮದಡಿ ರಕ್ತ ಹೆಪ್ಪುಗಟ್ಟಿದ ಹಲ್ಲಿನ ಗಾಯದಿಂದ, ಅದೂ ತಡಮಾಡದೆ, ಮಾದರಿ ತೆಗೆಯಬೇಕು. ಅಂಥ ಗಾಯ ಕುರಿಗೆ ಜೀವವಿದ್ದಾಗಲೇ ಆದದ್ದು.