ವ್ಯಾನ್‌ಗಾರ್ಡ್: ಸಂಗೀತಕ್ಕೆ ಸಮಯ ಕೊಟ್ಟ ನೆಲಮಾಳಿಗೆ

ನ್ಯೂಯಾರ್ಕಿನ ಗ್ರೀನ್ವಿಚ್ ವಿಲೇಜಿನಲ್ಲಿ, ಸೆವೆಂತ್ ಅವೆನ್ಯೂ ಸೌತ್ ರಸ್ತೆಯ 178ನೇ ನಂಬರಿನ ಕಟ್ಟಡದ ಕೆಂಪು ಬಾಗಿಲು ತೆರೆದು 15 ಮೆಟ್ಟಿಲು ಇಳಿದರೆ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ ಸಿಗುತ್ತದೆ. ಬೆಣೆಯಾಕಾರದ ನೆಲಮಾಳಿಗೆ, ಅದರ ಕಿರಿದಾದ ತುದಿಯಲ್ಲಿ ಪುಟ್ಟ ವೇದಿಕೆ, ಎದುರಿಗೆ ಒತ್ತೊತ್ತಾಗಿ ಇಟ್ಟ ಮೇಜುಗಳು. ಕೂರಲು ಜಾಗ ಇರುವುದು 123 ಜನರಿಗೆ ಮಾತ್ರ. ಕುಡಿಯಲು ಪಾನೀಯ ಸಿಗುತ್ತದೆ, ಊಟ ಸಿಗುವುದಿಲ್ಲ. ಹಳೆಯ ಅಡುಗೆಮನೆಯೇ ಇಲ್ಲಿ ಆಫೀಸು, ವಾದ್ಯಗಾರರು ಕಛೇರಿಗೆ ಮುಂಚೆ ಕೂತು ಮಾತಾಡುವ ಕೋಣೆಯೂ ಅದೇ. 1935ರಿಂದ ಇದೇ ಜಾಗದಲ್ಲಿರುವ ಈ ಕ್ಲಬ್ಬಿನಲ್ಲಿ ನೂರಕ್ಕೂ ಹೆಚ್ಚು ಆಲ್ಬಂಗಳು ಜನರ ಎದುರಿನಲ್ಲೇ ರೆಕಾರ್ಡ್ ಆಗಿವೆ. ಇಷ್ಟು ಚಿಕ್ಕ ಜಾಗಕ್ಕೆ ಇಂಥ ಗೌರವ ಹೇಗೆ ಬಂತು? ಗೋಡೆಗಳ ಗುಣ ಎನ್ನುವವರಿದ್ದಾರೆ, ಹೆಸರಿನ ಬಲ ಎನ್ನುವವರೂ ಇದ್ದಾರೆ. ಕಲಾವಿದರಿಗೆ ಇಲ್ಲಿ ಸಿಗುವ ಸಮಯವೇ ಮುಖ್ಯ ಕಾರಣ ಎಂಬುದು ನನ್ನ ನಿಲುವು.

ಕ್ಲಬ್ಬನ್ನು ಕಟ್ಟಿದವರು ಲಿಥುವೇನಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಮ್ಯಾಕ್ಸ್ ಗಾರ್ಡನ್. 1934ರಲ್ಲಿ ಚಾರ್ಲ್ಸ್ ಸ್ಟ್ರೀಟಿನಲ್ಲಿ ಶುರುಮಾಡಿ, ಮರುವರ್ಷ ಈ ನೆಲಮಾಳಿಗೆಗೆ ಬಂದರು. ಆಗ ಅದು ಜಾಝ್ ಕ್ಲಬ್ ಆಗಿರಲಿಲ್ಲ. ಕವಿಗಳು ಕವಿತೆ ಓದುತ್ತಿದ್ದರು, ಹಾಸ್ಯಗಾರರು ನಗಿಸುತ್ತಿದ್ದರು, ಲೆಡ್ ಬೆಲ್ಲಿ, ಜೋಶ್ ವೈಟ್ ಅವರಂಥ ಜಾನಪದ ಮತ್ತು ಬ್ಲೂಸ್ ಗಾಯಕರು ಹಾಡುತ್ತಿದ್ದರು. 1948ರಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರನ್ನು ಕರೆಸಿದಾಗ ಕೇಳಲು ಬಂದವರು ಬೆರಳೆಣಿಕೆಯಷ್ಟು. ಮಾಂಕ್ ಅವರನ್ನು ಕರೆಸುವಂತೆ ಮ್ಯಾಕ್ಸ್ ಅವರನ್ನು ಒಪ್ಪಿಸಿದ ಲೊರೇನ್ ಮುಂದೆ ಮ್ಯಾಕ್ಸ್ ಅವರನ್ನೇ ಮದುವೆಯಾದರು. ಕ್ಲಬ್ ಪೂರ್ತಿಯಾಗಿ ಜಾಝ್‌ಗೆ ಮೀಸಲಾದದ್ದು 1957ರಲ್ಲಿ. ಅಂದರೆ, ವ್ಯಾನ್‌ಗಾರ್ಡ್ ತನ್ನ ದಾರಿ ಕಂಡುಕೊಳ್ಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಇಲ್ಲಿನ ಪದ್ಧತಿ ಸರಳ. ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ತಂಡ, ಪ್ರತಿ ರಾತ್ರಿ ಎರಡು ಸೆಟ್, ಅಂದರೆ ಎರಡು ಸುತ್ತಿನ ಕಛೇರಿ. ಜಾಝ್‌ನ ಜೀವ ಮನೋಧರ್ಮದಲ್ಲಿದೆ. ಬರೆದಿಟ್ಟ ಸ್ವರ ನೆಪ ಮಾತ್ರ, ಉಳಿದದ್ದು ಆ ಕ್ಷಣದ ಸೃಷ್ಟಿ. ಒಂದೇ ರಾತ್ರಿಗೆಂದು ಬಂದ ತಂಡ ತನಗೆ ಖಚಿತವಾಗಿ ಗೊತ್ತಿರುವುದನ್ನೇ ನುಡಿಸಿ ಹೊರಡುತ್ತದೆ. ನಾಳೆಯೂ ಇದೇ ವೇದಿಕೆ ಸಿಗುತ್ತದೆ ಎಂದು ತಿಳಿದ ತಂಡ ಇಂದು ಎಡವಲು ಹೆದರುವುದಿಲ್ಲ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1961ರ ನವೆಂಬರಿನಲ್ಲಿ ಇಲ್ಲಿ ನಾಲ್ಕು ರಾತ್ರಿ ರೆಕಾರ್ಡ್ ಮಾಡಿದಾಗ ಆದದ್ದು ಇದೇ. ಸಿತಾರ್ ವಾದಕ ರವಿಶಂಕರ್ ಅವರ ಸಂಗೀತವನ್ನು ಆಳವಾಗಿ ಮೆಚ್ಚಿದ್ದ ಅವರು ‘ಇಂಡಿಯಾ’ ಎಂಬ ರಚನೆಯನ್ನು ಒಂದಕ್ಕಿಂತ ಹೆಚ್ಚು ರಾತ್ರಿ ನುಡಿಸಿದರು. ಎರಡು ಬಾಸ್‌ಗಳು ಶ್ರುತಿ ಹಿಡಿದಂತೆ ನಿಂತು, ಮೇಲೆ ಕೋಲ್ಟ್ರೇನ್ ಮತ್ತು ಅವರ ತಂಡದ ಎರಿಕ್ ಡಾಲ್ಫಿ ಹರಡಿಕೊಳ್ಳುವ ಈ ಕೃತಿಯ ಬೇರೆಬೇರೆ ರಾತ್ರಿಗಳ ರೂಪಗಳನ್ನು ಜೊತೆಗಿಟ್ಟು ಕೇಳಿದರೆ, ಒಂದೇ ರಾಗವನ್ನು ದಿನಕ್ಕೊಂದು ದಿಕ್ಕಿನಿಂದ ಬಿಡಿಸುತ್ತಿರುವ ಗಾಯಕ ನೆನಪಾಗುತ್ತಾನೆ.

ಬಿಲ್ ಎವನ್ಸ್ ತ್ರಯದ ಸಾಕ್ಷ್ಯ ಇನ್ನೂ ಬಲವಾದುದು. 1961ರ ಜೂನ್ 25ರ ಭಾನುವಾರ, ಇಲ್ಲಿನ ತಮ್ಮ ಸರದಿಯ ಕೊನೆಯ ದಿನ, ಪಿಯಾನೊದಲ್ಲಿ ಎವನ್ಸ್, ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಶಿಯನ್ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸೆಟ್ ನುಡಿಸಿದರು. ಬಾಸ್ ಇಲ್ಲಿ ಬರಿಯ ಪಕ್ಕವಾದ್ಯವಲ್ಲ, ಪಿಯಾನೊದ ಮಾತಿಗೆ ಮಾತು ಜೋಡಿಸುವ ಸಮಾನ ದನಿ. ಇಂಥ ಹೊಂದಾಣಿಕೆ ಒಂದು ಸಂಜೆಯ ಪರಿಚಯದಿಂದ ಹುಟ್ಟುವಂಥದ್ದಲ್ಲ. ಹನ್ನೊಂದು ದಿನಗಳ ನಂತರ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ತ್ರಯ ತಲುಪಿದ ಎತ್ತರ ಜಗತ್ತಿಗೆ ಉಳಿದಿರುವುದು ಈ ಭಾನುವಾರದ ರೆಕಾರ್ಡಿಂಗ್‌ಗಳಿಂದ. ಸೋಮವಾರಗಳ ಕಥೆಯೂ ಸಮಯದ್ದೇ. 1966ರ ಫೆಬ್ರವರಿಯಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಶುರುಮಾಡಿದ ದೊಡ್ಡ ವಾದ್ಯವೃಂದ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಇಬ್ಬರು ಸ್ಥಾಪಕರೂ ಹೋದ ಮೇಲೂ ಸೋಮವಾರದ ರಾತ್ರಿ ಅದರದೇ.

ಇದೆಲ್ಲ ಕೋಣೆಯ ಧ್ವನಿಗುಣದ ಫಲ ಎಂಬ ಆಕ್ಷೇಪಕ್ಕೆ ತೂಕವಿದೆ. ಇಲ್ಲಿನ ನಾದ ಸ್ಪಷ್ಟ, ಬೆಚ್ಚಗಿನದು, ವಾದ್ಯಗಾರರು ಒಬ್ಬರನ್ನೊಬ್ಬರು ಸಲೀಸಾಗಿ ಕೇಳಿಸಿಕೊಳ್ಳಬಲ್ಲರು. ಆದರೆ 1935ರಿಂದ 1957ರವರೆಗೂ ಇದ್ದದ್ದು ಇದೇ ನೆಲಮಾಳಿಗೆ. ಸ್ಯಾಕ್ಸೊಫೋನ್ ವಾದಕ ಸೋನಿ ರೋಲಿನ್ಸ್ ಇಲ್ಲಿನ ಮೊದಲ ಲೈವ್ ಆಲ್ಬಂ ರೆಕಾರ್ಡ್ ಮಾಡಿದ್ದು 1957ರ ನವೆಂಬರ್ 3ರಂದು, ಜಾಝ್‌ಗೆಂದೇ ಜಾಗ ಮೀಸಲಾದ ವರ್ಷ. ಪಿಯಾನೊವೇ ಇಲ್ಲದೆ, ಮಧ್ಯಾಹ್ನ ಒಂದು ಜೋಡಿ ಪಕ್ಕವಾದ್ಯದವರು, ರಾತ್ರಿ ಇನ್ನೊಂದು ಜೋಡಿ ಎಂದು ಅವರು ಪ್ರಯೋಗ ಮಾಡಿದರು. ಒಳ್ಳೆಯ ಗೋಡೆ ನಾದವನ್ನು ಕಾಪಾಡಬಹುದು. ಪ್ರಯೋಗಕ್ಕೆ ಧೈರ್ಯ ಬರಲು ಸಂಗೀತಗಾರರನ್ನು ನಂಬಿ ವೇದಿಕೆ ಬಿಟ್ಟುಕೊಡುವ ಮಾಲೀಕರು ಬೇಕು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ಸಮಯ ಕೊಟ್ಟ ಮಾತ್ರಕ್ಕೆ ಕ್ಲಬ್ ಉಳಿಯುತ್ತದೆಯೇ? ಇದೇ ಊರಿನ ಫೈವ್ ಸ್ಪಾಟ್ ಎಂಬ ಕ್ಲಬ್ 1957ರಲ್ಲಿ ಮಾಂಕ್ ಅವರಿಗೆ ತಿಂಗಳುಗಟ್ಟಲೆ ವೇದಿಕೆ ಕೊಟ್ಟಿತ್ತು. ಅದು ಇಂದು ಇಲ್ಲ. ಪ್ರಸಿದ್ಧವಾಗಿದ್ದ ಮೂಲ ಬರ್ಡ್‌ಲ್ಯಾಂಡ್ 1965ರಲ್ಲಿ ಮುಚ್ಚಿತು. ಈ ಮಾತನ್ನು ಒಪ್ಪಲೇಬೇಕು. ಸಮಯ ಸಂಗೀತವನ್ನು ಬೆಳೆಸುತ್ತದೆ, ಕ್ಲಬ್ಬನ್ನು ಉಳಿಸಲು ಅದರ ಜೊತೆಗೆ ಮಿತಿಯ ಅರಿವೂ ಬೇಕು. ವ್ಯಾನ್‌ಗಾರ್ಡ್ ದೊಡ್ಡ ಸಭಾಂಗಣವಾಗಲು ಹೊರಡಲಿಲ್ಲ, ಹೋಟೆಲೂ ಆಗಲಿಲ್ಲ. 1989ರಲ್ಲಿ ಮ್ಯಾಕ್ಸ್ ತೀರಿಕೊಂಡ ಮೇಲೆ ಲೊರೇನ್, 2018ರಲ್ಲಿ ಲೊರೇನ್ ನಿಧನರಾದ ಮೇಲೆ ಮಗಳು ಡೆಬೊರಾ ಅದೇ ಪದ್ಧತಿಯನ್ನು ನಡೆಸಿಕೊಂಡು ಬಂದರು. ಕೋವಿಡ್‌ನಿಂದಾಗಿ 2020ರ ಮಾರ್ಚಿನಲ್ಲಿ ಬಾಗಿಲು ಹಾಕಬೇಕಾದಾಗ ಖಾಲಿ ಮೇಜುಗಳ ಮುಂದೆ ನುಡಿಸಿದ ಕಛೇರಿಗಳನ್ನು ಇಂಟರ್‌ನೆಟ್ಟಿನಲ್ಲಿ ಕೇಳಿಸಿದರು. 2021ರ ಸೆಪ್ಟೆಂಬರಿನಲ್ಲಿ ಮತ್ತೆ ಕೇಳುಗರು ಮೆಟ್ಟಿಲಿಳಿದರು.

ಹಳೆಯ ಹೆಸರು ನೋಡಲು ಬರುವ ಪ್ರವಾಸಿಗರಿಂದ ಇದೊಂದು ಮ್ಯೂಸಿಯಂ ಆಗಿದೆ ಎಂಬ ದೂರೂ ಇದೆ. ಪ್ರವಾಸಿಗರು ಬರುತ್ತಾರೆ, ನಿಜ. ಆದರೆ ಮ್ಯೂಸಿಯಂ ಮುಗಿದ ಕೆಲಸವನ್ನು ತೋರಿಸುತ್ತದೆ, ಇಲ್ಲಿ ಇಂದಿನ ಕಲಾವಿದರು ತಮ್ಮ ಹೊಸ ರಚನೆಗಳನ್ನು ಕೇಳುಗರ ಎದುರಲ್ಲೇ ತಿದ್ದಿಕೊಳ್ಳುತ್ತಾರೆ. ಆದ್ದರಿಂದ ಸಂಗೀತಕ್ಕೊಂದು ನೆಲೆ ಕಟ್ಟಬಯಸುವ ಯಾವ ಊರಾದರೂ ಇಲ್ಲಿಂದ ಕಲಿಯಬೇಕಾದದ್ದು ವಾಸ್ತುವನ್ನಲ್ಲ, ಅಲಂಕಾರವನ್ನೂ ಅಲ್ಲ. ಕಲಾವಿದರಿಗೆ ಒಂದು ಸಂಜೆಯ ಬದಲು ಒಂದು ವಾರ ಕೊಡಬೇಕು. ಮೊದಲ ದಿನ ಕುರ್ಚಿಗಳು ಖಾಲಿ ಇದ್ದರೂ ಎರಡನೆಯ ದಿನವನ್ನು ರದ್ದುಮಾಡಬಾರದು.