ತಟ್ಟೆಯಲ್ಲಿರುವ ವೇಲ್ಸ್ ಬಾವುಟದಲ್ಲಿಲ್ಲ

ಲೀಡ್ಸ್‌ನಲ್ಲೋ ಮ್ಯಾಂಚೆಸ್ಟರಿನಲ್ಲೋ ಯಾರಾದರೂ ‘ಸಂಜೆ ಐದೂವರೆಗೆ ಟೀಗೆ ಬನ್ನಿ’ ಎಂದು ಕರೆದರೆ ಹಸಿದುಕೊಂಡೇ ಹೋಗಬೇಕು. ಅಲ್ಲಿ ಸಿಗುವುದು ಒಂದು ಕಪ್ ಚಹಾ, ಎರಡು ಬಿಸ್ಕತ್ತು ಅಲ್ಲ. ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ, ಬ್ರೆಡ್ಡು, ಬೆಣ್ಣೆ ಎಲ್ಲ ಮೇಜಿನ ಮೇಲಿರುತ್ತದೆ, ಯಾಕೆಂದರೆ ಅದೇ ಆ ಮನೆಯ ರಾತ್ರಿಯೂಟ. ದಕ್ಷಿಣದ ಸರ್ರೆಯ ಕಡೆ ಅದೇ ಮಾತನ್ನು ನಾಲ್ಕು ಗಂಟೆಗೆಂದು ಹೇಳಿದರೆ ನಿಜಕ್ಕೂ ಚಹಾ, ಹೆಚ್ಚೆಂದರೆ ಜೊತೆಗೊಂದು ತುಂಡು ಕೇಕು. ರಾತ್ರಿಗೆ ಮನೆಗೆ ಬಂದು ಅನ್ನ ಇಡಬೇಕು. ಕರ್ನಾಟಕದಿಂದ ಓದಿಗೋ ಕೆಲಸಕ್ಕೋ ಅಲ್ಲಿಗೆ ಹೋದವರು ಇದನ್ನು ಬೇಗ ಕಲಿತರೆ ಒಳ್ಳೆಯದು. ಶಾಲೆಯ ಇಂಗ್ಲಿಷ್ ಪಾಠ ನಮಗೆ ಕೊಟ್ಟದ್ದು ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್ ಎಂಬ ಮೂರು ಹೆಸರು. ಉತ್ತರ ಇಂಗ್ಲೆಂಡಿನ ದುಡಿಯುವ ಮನೆಗಳಲ್ಲಿ ಅವು ಬ್ರೇಕ್‌ಫಾಸ್ಟ್, ಡಿನ್ನರ್, ಟೀ.

ಇದನ್ನು ಪದಗಳ ಗೊಂದಲ ಎಂದು ನಕ್ಕು ಬಿಡುವವರಿದ್ದಾರೆ. ನನಗೆ ಹಾಗೆ ಬಿಡಲಾಗುವುದಿಲ್ಲ. ಒಬ್ಬ ಮನುಷ್ಯ ಮಧ್ಯಾಹ್ನದ ಊಟವನ್ನು ಏನೆಂದು ಕರೆಯುತ್ತಾನೆ ಎಂಬುದರಲ್ಲಿ ಅವನ ಸೀಮೆ, ಅವನ ಅಜ್ಜ ಮಾಡುತ್ತಿದ್ದ ಕೆಲಸ, ಆ ಕೆಲಸಕ್ಕೆ ಸಿಗುತ್ತಿದ್ದ ಬಿಡುವಿನ ಹೊತ್ತು ಎಲ್ಲವೂ ಸೇರಿಕೊಂಡಿವೆ.

ಡಿನ್ನರ್ ಎಂಬುದು ದಿನದ ದೊಡ್ಡ ಊಟದ ಹೆಸರು, ಯಾವುದೋ ಒಂದು ಹೊತ್ತಿನ ಹೆಸರಲ್ಲ. 16ನೇ ಶತಮಾನದಲ್ಲಿ ಅದು ಬೆಳಗಿನ 11ರ ಸುಮಾರಿಗೆ ನಡೆಯುತ್ತಿತ್ತು. ಮೇಣದ ಬತ್ತಿ ದುಬಾರಿಯಾದ್ದರಿಂದ ಬೆಳಕಿದ್ದಾಗಲೇ ಬೇಯಿಸಿ, ಉಂಡು, ಪಾತ್ರೆ ತೊಳೆದು ಮುಗಿಸಬೇಕಿತ್ತು. ಸಂಜೆಗೆ ಸಪ್ಪರ್ ಎಂಬ ಹಗುರ ಊಟ. 18ನೇ ಶತಮಾನದಲ್ಲಿ, ಬತ್ತಿಗೆ ದುಡ್ಡು ಸುರಿಯಬಲ್ಲವರು, ಬೆಳಗ್ಗೆ ಬೇಗ ಏಳುವ ಜರೂರು ಇಲ್ಲದವರು, ಡಿನ್ನರನ್ನು ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ಸರಿಸುತ್ತ ಹೋದರು. ತಡವಾಗಿ ಉಣ್ಣುವುದು ಅಂತಸ್ತಿನ ಗುರುತಾಯಿತು. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯಲ್ಲಿ, ಬಿಂಗ್ಲಿ ಎಂಬ ಸಿರಿವಂತ ಬಾಡಿಗೆಗೆ ಹಿಡಿದ ಬಂಗಲೆಯಲ್ಲಿ ಡಿನ್ನರಿಗೆ ಕರೆ ಬರುವುದು ಸಂಜೆ ಆರೂವರೆಗೆ. ಆ ಕಾಲದ ಓದುಗರಿಗೆ ಅಷ್ಟು ಸಾಕು, ಆ ಮನೆಯಲ್ಲಿ ಲಂಡನ್ನಿನ ಗಾಳಿ ಬೀಸುತ್ತಿದೆ ಎಂದು ತಿಳಿದುಬಿಡುತ್ತಿತ್ತು.

ಡಿನ್ನರ್ ಸಂಜೆಗೆ ಸರಿದ ಮೇಲೆ ಮಧ್ಯಾಹ್ನ ಖಾಲಿಯಾಯಿತು. ಆ ಜಾಗಕ್ಕೆ ಲಂಚ್ ಬಂತು. ಏಳೆಂಟು ಗಂಟೆಯ ಊಟಕ್ಕೆ ಕಾಯುವಷ್ಟರಲ್ಲಿ ಸಂಕಟವಾಗುತ್ತದೆಂದು ಬೆಡ್‌ಫರ್ಡಿನ ಡಚೆಸ್ ಆನಾ 1840ರ ಸುಮಾರಿಗೆ ನಾಲ್ಕು ಗಂಟೆಗೆ ಚಹಾ, ಬ್ರೆಡ್ಡು, ಕೇಕು ತರಿಸಿಕೊಳ್ಳತೊಡಗಿದರಂತೆ. ಆಫ್ಟರ್‌ನೂನ್ ಟೀ ಹುಟ್ಟಿದ್ದು ಹೀಗೆ ಎಂಬುದು ವಾಡಿಕೆಯ ಮಾತು. ಇಂದು ಪ್ರವಾಸಿಗರು ದೊಡ್ಡ ಹೋಟೆಲುಗಳಲ್ಲಿ ಮೂರಂತಸ್ತಿನ ತಟ್ಟೆಯಿಂದ ಸೌತೆಕಾಯಿ ಸ್ಯಾಂಡ್‌ವಿಚ್ ಎತ್ತಿಕೊಳ್ಳುವಾಗ ಈ ಕಥೆಯನ್ನೂ ಅವರಿಗೆ ಬಡಿಸಲಾಗುತ್ತದೆ.

ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಟೀಯ ಹತ್ತಿರ. ಲ್ಯಾಂಕಾಶೈರಿನ ಹತ್ತಿ ಗಿರಣಿ, ಯಾರ್ಕ್‌ಶೈರಿನ ಉಣ್ಣೆ ಗಿರಣಿಗಳಲ್ಲಿ ದುಡಿಯುವವರು ಡಿನ್ನರನ್ನು ಮಧ್ಯಾಹ್ನದಿಂದ ಕದಲಿಸಲಿಲ್ಲ, ಕದಲಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಗಿರಣಿ ಬಿಟ್ಟು ಸಂಜೆ ದಣಿದು ಬಂದವರಿಗೆ ಬೇಕಾದದ್ದು ಬಿಸಿಯಾದದ್ದು, ಹೊಟ್ಟೆ ತುಂಬುವಂಥದ್ದು, ಜೊತೆಗೊಂದು ಪಾತ್ರೆ ಗಟ್ಟಿ ಸಿಹಿ ಚಹಾ. ಆ ಊಟಕ್ಕೆ ಚಹಾದ ಹೆಸರೇ ಬಂತು. ಮಲಗುವ ಮುನ್ನ ಒಂದು ತುಂಡು ಟೋಸ್ಟೋ ಚೀಸೋ ತಿಂದರೆ ಅದು ಅವರಿಗೆ ಸಪ್ಪರ್. ಲಂಡನ್ನಿನ ಮೇಲ್ಮಧ್ಯಮ ವರ್ಗದವರಿಗೆ ಸಪ್ಪರ್ ಎಂದರೆ ಆಪ್ತರ ಜೊತೆ ಸಡಗರವಿಲ್ಲದೆ ಉಣ್ಣುವ ರಾತ್ರಿಯೂಟ.

ಶಾಲೆ ಮಾತ್ರ ದೇಶವಿಡೀ ಹಳೆಯ ಹೆಸರನ್ನು ಉಳಿಸಿಕೊಂಡಿತು. ಬ್ರಾಡ್‌ಫರ್ಡ್ ಊರಿನಲ್ಲಿ ಮಾರ್ಗರೆಟ್ ಮೆಕ್‌ಮಿಲನ್, ಫ್ರೆಡ್ ಜೋವೆಟ್ ಮೊದಲಾದವರು ಹಸಿದ ಮಕ್ಕಳಿಗೆ ಪಾಠ ಹತ್ತುವುದಿಲ್ಲವೆಂದು ವರ್ಷಗಟ್ಟಲೆ ಹೋರಾಡಿದರು. 1906ರಲ್ಲಿ ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡುವ ಕಾಯ್ದೆ ಬಂತು. ಮರುವರ್ಷ ಬ್ರಾಡ್‌ಫರ್ಡಿನಲ್ಲಿ ಊಟ ಕೊಟ್ಟು ಮಕ್ಕಳ ತೂಕ ನೋಡಿದರು. ಊಟ ಸಿಕ್ಕ ವಾರಗಳಲ್ಲಿ ತೂಕ ಏರಿತು, ರಜೆ ಬಂದಾಗ ಇಳಿಯಿತು. ಬಿಸಿಯೂಟದ ಮಹತ್ವವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಜಗತ್ತಿನ ಅತಿ ಸಿರಿವಂತ ಸಾಮ್ರಾಜ್ಯದ ನಡುಮನೆಯಲ್ಲಿ ತಕ್ಕಡಿ ಇಟ್ಟು ಹಸಿವನ್ನು ರುಜುವಾತು ಮಾಡಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ. ಆ ಮಧ್ಯಾಹ್ನದ ಊಟಕ್ಕೆ ಇಂದಿಗೂ ಸ್ಕೂಲ್ ಡಿನ್ನರ್ ಎಂದೇ ಹೆಸರು, ಬಡಿಸುವ ತಾಯಂದಿರು ಡಿನ್ನರ್ ಲೇಡಿಗಳು. ರಾತ್ರಿಯೂಟವನ್ನೇ ಡಿನ್ನರ್ ಎನ್ನುವ ದಕ್ಷಿಣದವರು ಕೂಡ ಕ್ರಿಸ್‌ಮಸ್ ಡಿನ್ನರನ್ನು ಮಧ್ಯಾಹ್ನವೇ ಉಣ್ಣುತ್ತಾರೆ.

ಭಾನುವಾರದ ರೋಸ್ಟ್ ಮಾತ್ರ ಎಲ್ಲರನ್ನೂ ಒಂದು ಮೇಜಿಗೆ ತರುತ್ತದೆ. ಚರ್ಚಿಗೆ ಹೊರಡುವ ಮುನ್ನ ಮಾಂಸವನ್ನು ಬೇಯಲಿಟ್ಟು, ಪ್ರಾರ್ಥನೆ ಮುಗಿಸಿ ಬಂದು ಉಣ್ಣುವುದು ಹಳೆಯ ಕ್ರಮ. ಮನೆಯಲ್ಲಿ ತಕ್ಕ ಒಲೆಯಿಲ್ಲದ ಬಡವರು ಬೇಕರಿಯವನ ಒಲೆಗೆ ಕೊಟ್ಟುಹೋಗುತ್ತಿದ್ದರು. ಮೈದಾ, ಮೊಟ್ಟೆ, ಹಾಲು ಕಲಸಿದ ತೆಳು ಹಿಟ್ಟು ಮಾಂಸದಿಂದ ತೊಟ್ಟಿಕ್ಕಿದ ಕೊಬ್ಬಿನಲ್ಲಿ ಉಬ್ಬಿ ಯಾರ್ಕ್‌ಶೈರ್ ಪುಡಿಂಗ್ ಆಗುತ್ತದೆ. ಯಾರ್ಕ್‌ಶೈರಿನ ಮನೆಗಳಲ್ಲಿ ಇದನ್ನು ಗ್ರೇವಿ ಹಾಕಿ ಮೊದಲು ಬಡಿಸುತ್ತಿದ್ದರು. ಅರ್ಧ ಹೊಟ್ಟೆ ಅದರಲ್ಲೇ ತುಂಬಿದರೆ ಇದ್ದಷ್ಟು ಮಾಂಸ ಎಲ್ಲರಿಗೂ ಸಾಲುತ್ತದೆ. ಎಷ್ಟು ತಾಯಂದಿರ ಲೆಕ್ಕಾಚಾರ ಆ ಒಂದು ತಿನಿಸಿನಲ್ಲಿದೆ! ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು, ಅಡುಗೆಗೆ ಪುರುಸೊತ್ತಿರಲಿಲ್ಲ. ಮಿಕ್ಕ ಮಾಂಸ ತಣ್ಣಗೆ, ಮಿಕ್ಕ ಆಲೂಗಡ್ಡೆ ಕೋಸು ಹುರಿದು ಬಿಸಿಬಿಸಿಯಾಗಿ. ಯಾರ್ಕ್‌ಶೈರ್ ಪುಡಿಂಗಿನ ವಿಧಾನ ಹಾನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿದೆ. ಅದೇ ಪುಸ್ತಕದಲ್ಲಿ ಭಾರತದ ರೀತಿಯ ಕರಿ ಮಾಡುವ ಬಗೆಯೂ ಇದೆ, ಮೆಣಸು, ಕೊತ್ತಂಬರಿ ಬೀಜ ಹಾಕಿ. ನಮ್ಮ ಖಿಚಡಿ ಹೊಗೆಯಾಡಿಸಿದ ಮೀನು, ಬೇಯಿಸಿದ ಮೊಟ್ಟೆ ಸೇರಿಸಿಕೊಂಡು ಕೆಜರಿ ಎಂಬ ಬೆಳಗಿನ ತಿಂಡಿಯಾದದ್ದು ಅದರ ಮುಂದಿನ ಮಾತು.

ಬೆಳಗಿನ ತಿಂಡಿಯಲ್ಲಂತೂ ಇಡೀ ದೇಶದ ನಕ್ಷೆಯೇ ಇದೆ. ಮೊಟ್ಟೆ, ಬೇಕನ್, ಸಾಸೇಜ್ ಎಲ್ಲ ಕಡೆಗೂ ಸಮಾನ. ಇಂಗ್ಲೆಂಡಿನಲ್ಲಿ ಅದಕ್ಕೆ ಬೇಕ್ಡ್ ಬೀನ್ಸ್, ಹುರಿದ ಟೊಮೆಟೊ, ಅಣಬೆ ಸೇರುತ್ತವೆ. ಸ್ಕಾಟ್ಲೆಂಡಿನಲ್ಲಿ ಚೌಕ ಸಾಸೇಜು, ಆಲೂಗಡ್ಡೆಯ ಟ್ಯಾಟಿ ಸ್ಕೋನ್. ಉತ್ತರ ಐರ್ಲೆಂಡಿನ ಅಲ್‌ಸ್ಟರ್ ಫ್ರೈಯಲ್ಲಿ ಸೋಡಾ ಬ್ರೆಡ್ಡು, ಆಲೂಗಡ್ಡೆ ಬ್ರೆಡ್ಡು. ವೇಲ್ಸಿನಲ್ಲಿ ಕಡಲ ಪಾಚಿಯನ್ನು ಗಂಟೆಗಟ್ಟಲೆ ಬೇಯಿಸಿ, ಓಟ್ಸ್ ಬೆರೆಸಿ, ಬೇಕನ್ ಕೊಬ್ಬಿನಲ್ಲಿ ಕರಿದ ಲೇವರ್‌ಬ್ರೆಡ್, ಜೊತೆಗೆ ಕಾಕಲ್ ಎಂಬ ಸಣ್ಣ ಚಿಪ್ಪಿನ ಜೀವಿ. ನಾಲ್ಕು ಸೀಮೆಗೆ ನಾಲ್ಕು ತಟ್ಟೆ. ಬಾವುಟದಲ್ಲಿ ಮಾತ್ರ ಇರುವುದು ಮೂರೇ.

ಯೂನಿಯನ್ ಜ್ಯಾಕ್ ಮೂರು ಶಿಲುಬೆಗಳ ಬಾವುಟ. ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿನ ದೊರೆಯೂ ಆದ ಮೇಲೆ, 1606ರಲ್ಲಿ, ಸಂತ ಜಾರ್ಜನ ಕೆಂಪು ಶಿಲುಬೆಯನ್ನೂ ನೀಲಿಯ ಮೇಲಿನ ಸಂತ ಆಂಡ್ರೂನ ಬಿಳಿ ಓರೆ ಶಿಲುಬೆಯನ್ನೂ ಕೂಡಿಸಿದರು. 1801ರಲ್ಲಿ ಐರ್ಲೆಂಡ್ ಸೇರಿದಾಗ ಸಂತ ಪ್ಯಾಟ್ರಿಕನ ಕೆಂಪು ಓರೆ ಶಿಲುಬೆ ಬಂತು. ಅಷ್ಟು ಹೊತ್ತಿಗಾಗಲೇ ವೇಲ್ಸನ್ನು 16ನೇ ಶತಮಾನದ ಕಾಯ್ದೆಗಳು ಇಂಗ್ಲೆಂಡಿನೊಳಗೆ ಅಡಗಿಸಿದ್ದವು, ಹಾಗಾಗಿ ಅದಕ್ಕೆ ಜಾಗ ಸಿಗಲಿಲ್ಲ. ಅವರ ಕೆಂಪು ಡ್ರ್ಯಾಗನ್ ಬಾವುಟಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು 1959ರಲ್ಲಿ. ಕಂಬದ ಕಡೆಯ ಅರ್ಧದಲ್ಲಿ, ಓರೆಯಾದ ಕೆಂಪು ಪಟ್ಟಿಯ ಮೇಲ್ಗಡೆ ಅಗಲ ಬಿಳಿ ಇರಬೇಕು. ಸ್ಕಾಟ್ಲೆಂಡಿನ ಬಿಳಿಗೆ ಐರ್ಲೆಂಡಿನ ಕೆಂಪಿಗಿಂತ ಮೇಲಿನ ಮರ್ಯಾದೆ ಎಂಬುದು ಇದರ ಲೆಕ್ಕ. ತಲೆಕೆಳಗಾಗಿ ಕಟ್ಟಿದರೆ ಅಪಾಯದಲ್ಲಿದ್ದೇವೆ ಎಂಬ ಸಂಕೇತ. ನೋಡುವವರಿಗೆ ಎರಡೂ ಒಂದೇ ಎನಿಸುವುದರಿಂದ ಬ್ರಿಟನ್ನಿನಲ್ಲೇ ಜನ ಆಗಾಗ ತಪ್ಪಿ ಕಟ್ಟುತ್ತಾರೆ.

ಇಷ್ಟು ಹಳೆಯ ಬಾವುಟವನ್ನು ರಾಷ್ಟ್ರಧ್ವಜ ಎಂದು ಘೋಷಿಸುವ ಕಾಯ್ದೆ ಬ್ರಿಟನ್ನಿನಲ್ಲಿ ಇಲ್ಲ. ಜನ ಹಾರಿಸಿದರು, ಅದು ಅವರದಾಯಿತು. 1908ರಲ್ಲಿ ಸರ್ಕಾರ ಪಾರ್ಲಿಮೆಂಟಿನಲ್ಲಿ ಇದನ್ನು ರಾಷ್ಟ್ರಧ್ವಜವೆಂದೇ ತಿಳಿಯಬೇಕೆಂದು ಹೇಳಿತು, ಅಷ್ಟೇ. ಊಟಕ್ಕೆ ಹೆಸರಿಟ್ಟ ರೂಢಿಯೇ ಬಾವುಟವನ್ನೂ ಕಾಯ್ದುಕೊಂಡು ಬಂದಿದೆ. ರೂಢಿಗೆ ಬಲವಿದೆ, ಆದರೆ ಅದು ಜನರ ಭಾವನೆಯಿಂದ ದೂರ ಸರಿದರೆ ಏನಾಗುತ್ತದೆ ಎಂಬುದು 1997ರಲ್ಲಿ ಕಂಡಿತು.

ಆ ವರ್ಷ ಆಗಸ್ಟ್ 31ರಂದು ರಾಜಕುಮಾರಿ ಡಯಾನಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ರಾಣಿ ಎಲಿಜಬೆತ್ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿದ್ದರು. ಬಕಿಂಗ್‌ಹ್ಯಾಮ್ ಅರಮನೆಯ ಕಂಬದ ಮೇಲೆ ರಾಜಮನೆತನದ ರಾಯಲ್ ಸ್ಟ್ಯಾಂಡರ್ಡ್ ಧ್ವಜ ಮಾತ್ರ, ಅದೂ ಅರಸರು ಒಳಗಿದ್ದಾಗ ಮಾತ್ರ ಹಾರಬೇಕೆಂಬುದು ಆಗಿನ ಪದ್ಧತಿ. ಆ ಧ್ವಜ ಯಾರ ಸಾವಿಗೂ ಅರ್ಧಕ್ಕೆ ಇಳಿಯುವುದಿಲ್ಲ, ಒಬ್ಬ ಅರಸ ತೀರಿದ ಕ್ಷಣವೇ ಇನ್ನೊಬ್ಬ ಅರಸನಾಗುವುದರಿಂದ ಗದ್ದುಗೆ ಬರಿದಾಗುವುದಿಲ್ಲ ಎಂಬುದು ಅದರ ತತ್ವ. ಹಾಗಾಗಿ ಕಂಬ ಬರಿದೇ ನಿಂತಿತ್ತು. ಗೇಟಿನ ಮುಂದೆ ಹೂವಿನ ರಾಶಿ ಬೆಳೆಯುತ್ತಿತ್ತು, ಜನ ಮೇಲೆ ನೋಡಿ ಸಿಟ್ಟಾದರು, ಪತ್ರಿಕೆಗಳು ಆ ಸಿಟ್ಟನ್ನು ಮುಖಪುಟಕ್ಕೆ ತಂದವು. ಕೊನೆಗೆ ಸೆಪ್ಟೆಂಬರ್ 6ರಂದು, ಅಂತ್ಯಸಂಸ್ಕಾರಕ್ಕೆ ರಾಣಿ ಹೊರಟ ಮೇಲೆ, ಅರಮನೆಯ ಮೇಲೆ ಯೂನಿಯನ್ ಜ್ಯಾಕ್ ಅರ್ಧ ಎತ್ತರದಲ್ಲಿ ಹಾರಿತು. ಅಂದಿನಿಂದ ಅರಸರು ಇಲ್ಲದ ದಿನಗಳಲ್ಲಿ ಅಲ್ಲಿ ಯೂನಿಯನ್ ಜ್ಯಾಕ್ ಇರುತ್ತದೆ. ಅರಮನೆಯ ಪದ್ಧತಿಯನ್ನು ಬೀದಿಯ ಜನ ತಿದ್ದಿದ ಆ ವಾರ ನನ್ನ ಮಟ್ಟಿಗೆ ಬ್ರಿಟನ್ನಿನ ಧ್ವಜದ ಚರಿತ್ರೆಯಲ್ಲೇ ಬಹು ದೊಡ್ಡದು. 2022ರ ಸೆಪ್ಟೆಂಬರ್ 8ರಂದು ರಾಣಿಯೇ ತೀರಿಕೊಂಡಾಗ ಬಾವುಟಗಳು ಅರ್ಧಕ್ಕಿಳಿದವು. ಹೊಸ ದೊರೆಯ ಘೋಷಣೆಗಾಗಿ 10ರಂದು ಪೂರ್ತಿ ಮೇಲೇರಿ, ಮರುದಿನ ಮಧ್ಯಾಹ್ನ ಮತ್ತೆ ಶೋಕಕ್ಕೆ ಇಳಿದವು.

ರೂಢಿಯಲ್ಲಿ ಒಮ್ಮತವಿಲ್ಲದ ಕಡೆ ಮಾತ್ರ ಬರಹದ ಕಟ್ಟಳೆ ಬೇಕಾಯಿತು. ಉತ್ತರ ಐರ್ಲೆಂಡಿನ ಸರ್ಕಾರಿ ಕಟ್ಟಡಗಳ ಮೇಲೆ ಯಾವ ದಿನ ಬಾವುಟ ಹಾರಬೇಕೆಂದು 2000ದಲ್ಲಿ ನಿಯಮವನ್ನೇ ಮಾಡಿದರು. 2012ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟ್ ನಗರಸಭೆ ವರ್ಷವಿಡೀ ಹಾರುತ್ತಿದ್ದ ಬಾವುಟವನ್ನು ಗೊತ್ತುಪಡಿಸಿದ ದಿನಗಳಿಗೆ ಮಿತಗೊಳಿಸಿದಾಗ ವಾರಗಟ್ಟಲೆ ಗಲಭೆಯಾಯಿತು. 2021ರಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ಬಾವುಟವನ್ನು ವರ್ಷವಿಡೀ ಹಾರಿಸಿರೆಂದು ಬಂದ ಸೂಚನೆಯಿಂದಲೂ ಉತ್ತರ ಐರ್ಲೆಂಡನ್ನು ಹೊರಗಿಟ್ಟರು. 2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಹಲವು ಊರುಗಳಲ್ಲಿ ಬೀದಿದೀಪದ ಕಂಬಗಳಿಗೆ ಬಾವುಟ ಕಟ್ಟುವ ಚಳವಳಿ ಎದ್ದಿತು. ಕಟ್ಟಿದವರು ಅಭಿಮಾನ ಎಂದರು, ಅದೇ ಬೀದಿಯ ವಲಸಿಗರಲ್ಲಿ ಹಲವರಿಗೆ ಅದು ಹೊರಗಿನವರು ನೀವು ಎಂಬ ಮಾತಾಗಿ ಕೇಳಿಸಿತು. ಆ ಅಳುಕನ್ನು ನಾವು ಸುಳ್ಳೆನ್ನುವಂತಿಲ್ಲ.

ಬಾವುಟವೂ ಊಟವೂ ಒಂದಾಗುವುದು ಬೀದಿಯ ಔತಣದಲ್ಲಿ. ಮೊದಲ ಮಹಾಯುದ್ಧದ ಶಾಂತಿ ಒಪ್ಪಂದದ ನಂತರ, 1919ರಲ್ಲಿ, ಮಕ್ಕಳಿಗಾಗಿ ‘ಪೀಸ್ ಟೀ’ಗಳು ನಡೆದವು. ರಸ್ತೆಯ ಉದ್ದಕ್ಕೂ ಮೇಜು, ಮೇಲೆ ಮನೆಯಿಂದ ಮನೆಗೆ ಬಾವುಟದ ತೋರಣ. 1945ರ ಮೇ 8ರಂದು ಯುರೋಪಿನಲ್ಲಿ ಯುದ್ಧ ಮುಗಿದಾಗ ಸಕ್ಕರೆ, ಬೆಣ್ಣೆ, ಚಹಾ ಎಲ್ಲಕ್ಕೂ ರೇಷನ್. ಬೀದಿಯ ಹೆಂಗಸರು ತಮ್ಮ ಪಾಲಿನದನ್ನು ಒಟ್ಟುಗೂಡಿಸಿ ಕೇಕು, ಜೆಲ್ಲಿ, ಸ್ಯಾಂಡ್‌ವಿಚ್ ಮಾಡಿದರು. 1953ರ ಪಟ್ಟಾಭಿಷೇಕದ ಹೊತ್ತಿಗೂ ರೇಷನ್ ಮುಗಿದಿರಲಿಲ್ಲ, ಹಬ್ಬಕ್ಕೆಂದು ತಲೆಗೆ ಒಂದು ಪೌಂಡ್ ಸಕ್ಕರೆ ಹೆಚ್ಚುವರಿಯಾಗಿ ಕೊಟ್ಟರು. ಅದೇ ದಿನ ವಿದೇಶಿ ಅತಿಥಿಗಳಿಗೆ ಬಡಿಸಲು ರೋಸ್‌ಮರಿ ಹ್ಯೂಮ್ ಮತ್ತು ಕಾನ್‌ಸ್ಟನ್ಸ್ ಸ್ಪ್ರೈ ರೂಪಿಸಿದ ತಣ್ಣನೆಯ ಕೋಳಿ ಖಾದ್ಯಕ್ಕೆ ಕರಿ ಪುಡಿ ಬಿತ್ತು. ಭಾರತ ಅವರ ಕೈಬಿಟ್ಟು ಆರು ವರ್ಷವಾಗುತ್ತ ಬಂದಿತ್ತು, ನಾಲಿಗೆ ಬಿಟ್ಟಿರಲಿಲ್ಲ. ಇಂದು ಅದು ಕಾರೊನೇಷನ್ ಚಿಕನ್ ಎಂದು ಮಾಮೂಲಿ ಸ್ಯಾಂಡ್‌ವಿಚ್ಚಿನ ಹೂರಣ.

ಈ ಔತಣಗಳಲ್ಲಿ ಬಾವುಟ ತಟ್ಟೆಯ ಮೇಲಿರುತ್ತದೆ, ಲೋಟದ ಮೇಲಿರುತ್ತದೆ, ಬಾಯಿ ಒರೆಸುವ ಕಾಗದದ ಮೇಲೂ ಇರುತ್ತದೆ. ಭಾರತೀಯರಿಗೆ ಇದು ಮೊದಲು ಕಸಿವಿಸಿ ತರುವುದು ಸಹಜ. ನಮ್ಮಲ್ಲಿ ಕುಶನ್ನು, ಕರವಸ್ತ್ರ, ನ್ಯಾಪ್ಕಿನ್ನಿನ ಮೇಲೆ ತ್ರಿವರ್ಣ ಮುದ್ರಿಸುವುದು ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಡಿ ಅಪರಾಧ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರು ಬಣ್ಣ, ಅಳತೆ, ಹೊಲಿಗೆಯಲ್ಲಿ ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಬೇರೆ ಬಾವುಟವನ್ನು ಇಳಿಸಲು ಜೈಲಿಗೆ ಹೋದವರು ಏರಿಸಿದ ಧ್ವಜ ಅದು, ಈ ಜತನ ಬೇಕಾದದ್ದೇ. ಬ್ರಿಟನ್ನಿನವರು ಅಷ್ಟು ಸಲಿಗೆಯಿಂದಿರುವುದನ್ನು ಅಗೌರವ ಎಂದು ನಾನು ಎಣಿಸುವುದಿಲ್ಲ. ತಮ್ಮ ನೆಲದಲ್ಲಿ ಬಾವುಟ ಏರಿಸಲು ಅವರು ಯಾರನ್ನೂ ಬೇಡಿಕೊಳ್ಳಬೇಕಾಗಿರಲಿಲ್ಲ.

2023ರ ಪಟ್ಟಾಭಿಷೇಕದ ಬೀದಿಯೂಟಗಳು ‘ಬಿಗ್ ಲಂಚ್’ ಎಂಬ ಹೆಸರಿನಲ್ಲಿ ನಡೆದವು. ದೊರೆ ದಂಪತಿ ಆರಿಸಿದ ಖಾದ್ಯ ಪಾಲಕ್, ಬ್ರಾಡ್ ಬೀನ್ಸ್ ಹಾಕಿದ ಕೀಶ್. ನೆರೆಹೊರೆಯವರು ಸೇರಿ ಇಂಥ ಊಟ ಮಾಡಲು ವಾರಗಳ ಮೊದಲೇ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಕೊಟ್ಟು ರಸ್ತೆ ಮುಚ್ಚಿಸಿಕೊಳ್ಳಬೇಕು. ಮದ್ಯ ಮಾರದಿದ್ದರೆ ಸಾಮಾನ್ಯವಾಗಿ ಬೇರೆ ಪರವಾನಗಿ ಬೇಡ. ಮನೆಗೊಂದು ಖಾದ್ಯ ತರುವುದು ವಾಡಿಕೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ನನ್ನದೊಂದು ಸಲಹೆ: ಅರ್ಜಿಗೆ ನೀವೇ ಮುಂದಾಗಿ, ಚಿತ್ರಾನ್ನವನ್ನು ದೊಡ್ಡ ಪಾತ್ರೆಯಲ್ಲೇ ಕಲಸಿ.